ಅಪ್ಪನ ಎದುರಿಗೆ ಕೂರುವ ಜಾಗ

ನಾನು ಹೊಟ್ಟೆಕಿಚ್ಚಿನ ಹೆಂಗಸು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸುಲಭ. ಆಫೀಸಿನಲ್ಲಿ ಪಕ್ಕದ ಮೇಜಿನವಳಿಗೆ ಬಡ್ತಿ ಬಂದಾಗ ಎಲ್ಲರಿಗೂ ಪೇಡೆ ಹಂಚಿದವಳು ನಾನೇ. ಓರಗಿತ್ತಿ ಹೊಸ ಸರ ಹಾಕಿಕೊಂಡು ಬಂದಾಗ ಚೆನ್ನಾಗಿದೆ ಎಂದು ಮನಸಾರೆ ಹೇಳಿದ್ದೇನೆ. ಅಂಥವಕ್ಕೆಲ್ಲ ನನ್ನ ಹೊಟ್ಟೆ ಉರಿಯುವುದಿಲ್ಲ. ಅದು ಉರಿಯುವುದು ಒಂದೇ ಒಂದು ಜಾಗಕ್ಕೆ. ಸಿರುಗುಪ್ಪದ ತವರುಮನೆಯ ಪಡಸಾಲೆಯಲ್ಲಿ, ಕಿಟಕಿಯ ಕೆಳಗೆ, ಅಪ್ಪ ಚದುರಂಗದ ಹಲಗೆ ಇಟ್ಟುಕೊಂಡು ಕೂರುತ್ತಾನಲ್ಲ, ಅವನ ಎದುರಿನ ಜಾಗ. ಅಳೆದರೆ ಎರಡಡಿ ನೆಲ ಇದ್ದೀತು. ಅದು ನನ್ನದು ಎಂದು ಮೂವತ್ತೈದು ವರ್ಷ ತಿಳಿದುಕೊಂಡಿದ್ದೆ.

ಚದುರಂಗ ಗೊತ್ತಿಲ್ಲದವರಿಗೆ ಅದು ನಿದ್ದೆ ಬರಿಸುವ ಆಟ. ಇಬ್ಬರು ತಲೆ ಬಗ್ಗಿಸಿಕೊಂಡು ಕೂತಿರುತ್ತೀರಿ, ಯಾವಾಗಲೋ ಒಬ್ಬರು ಒಂದು ಕಾಯಿ ಸರಿಸುತ್ತೀರಿ, ಮತ್ತೆ ತಲೆ ಬಗ್ಗಿಸುತ್ತೀರಿ, ಇದೆಂಥ ಆಟ ಎಂದು ನನ್ನ ಗಂಡ ಕೇಳುತ್ತಾನೆ. ಮದುವೆಯಾದ ಹೊಸತರಲ್ಲಿ ಅವನಿಗೆ ಕಲಿಸಲು ನೋಡಿದ್ದೆ. ಅರವತ್ನಾಲ್ಕು ಮನೆ, ಒಂದು ಬಿಳಿ, ಒಂದು ಕಪ್ಪು. ಒಬ್ಬೊಬ್ಬರಿಗೆ ಹದಿನಾರು ಕಾಯಿ. ಮೂಲೆಯಲ್ಲಿ ಆನೆ, ಅದು ನೆಟ್ಟಗೆ ನಡೆಯುತ್ತದೆ. ಅದರ ಮಗ್ಗುಲಿಗೆ ಕುದುರೆ, ಎರಡು ಮನೆ ನೆಟ್ಟಗೆ ಹೋಗಿ ಒಂದು ಮನೆ ಪಕ್ಕಕ್ಕೆ ಸರಿಯುತ್ತದೆ, ನಡುವೆ ಯಾರಿದ್ದರೂ ನೆಗೆದು ಹೋಗುತ್ತದೆ. ಆಮೇಲೆ ಓರೆಯಾಗಿ ಓಡುವ ಒಂಟೆ. ನಟ್ಟನಡುವೆ ರಾಜ, ವಜೀರ. ವಜೀರ ಎತ್ತ ಬೇಕಾದರೂ ಎಷ್ಟು ಬೇಕಾದರೂ ಹೋಗಬಲ್ಲ, ರಾಜನದು ಒಂದೊಂದೇ ಹೆಜ್ಜೆ. ಮುಂದಿನ ಸಾಲಿನಲ್ಲಿ ಎಂಟು ಪ್ಯಾದೆಗಳು. ಎದುರಿನವರ ರಾಜನಿಗೆ ಎಲ್ಲಿಗೂ ಹೋಗಲು ದಾರಿ ಇಲ್ಲದಂತೆ ಮಾಡಿದರೆ ಗೆದ್ದ ಹಾಗೆ. ಇಷ್ಟು ಹೇಳುವಷ್ಟರಲ್ಲಿ ಗಂಡ ಟೀವಿ ಹಾಕಿಕೊಂಡಿದ್ದ.

ಅವನಿಗೆ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಹೇಳುತ್ತೇನೆ. ಇಸ್ಪೀಟಿನಲ್ಲಿ ಸೋತರೆ ಎಲೆ ಸರಿ ಬರಲಿಲ್ಲ ಎನ್ನಬಹುದು, ಪಗಡೆಯಲ್ಲಿ ಗರ ಬೀಳಲಿಲ್ಲ ಎನ್ನಬಹುದು. ಚದುರಂಗದಲ್ಲಿ ಆ ನೆಪ ಇಲ್ಲ. ಎಲ್ಲ ಕಾಯಿಗಳೂ ಇಬ್ಬರ ಕಣ್ಣೆದುರಿಗೇ ಇರುತ್ತವೆ, ಕಾಣದೆ ಹೋದದ್ದು ನಮ್ಮದೇ ತಪ್ಪು. ಇನ್ನೊಂದು ಸಂಗತಿ, ನನಗೆ ಅದೇ ದೊಡ್ಡದು. ಎದುರಿಗೆ ಕೂತವರು ಒಂದು ತಾಸು ನಿಮ್ಮನ್ನು ಬಿಟ್ಟು ಬೇರೇನನ್ನೂ ಯೋಚಿಸುವ ಹಾಗಿಲ್ಲ. ಇವಳೀಗ ಏನು ಮಾಡುತ್ತಾಳೆ, ಇವಳ ತಲೆಯಲ್ಲಿ ಏನಿದೆ, ಇಷ್ಟೇ ಅವರ ಧ್ಯಾನ. ಮನೆ ತುಂಬ ಜನ ಇದ್ದ ಕಾಲದಲ್ಲಿ ಅಪ್ಪನಿಂದ ಅಂಥ ಒಂದು ತಾಸು ಸಿಗುತ್ತಿದ್ದದ್ದು ನನಗೊಬ್ಬಳಿಗೇ.

ಅಪ್ಪ ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಭತ್ತ ಬೇಯಿಸುವ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಉಗಿ ಏರುವ ತನಕ ಅಲ್ಲಿಂದ ಕದಲುವಂತಿಲ್ಲ, ಕೂತು ಮಾಡುವ ಕೆಲಸವೂ ಇಲ್ಲ. ಲೋಡಿಗೆಂದು ಆದೋನಿಯಿಂದ ಬಂದು ಸರದಿ ಕಾಯುತ್ತಿದ್ದ ಲಾರಿ ಡ್ರೈವರೊಬ್ಬ ಭತ್ತ ಒಣಗಿಸುವ ಕಣದ ಸಿಮೆಂಟಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಅವನಿಗೆ ಈ ಆಟ ಕಲಿಸಿದನಂತೆ. ಅಪ್ಪ ಅದನ್ನು ಮನೆಗೆ ತಂದ. ತಮ್ಮನಿಗೆ ಕೂತಲ್ಲಿ ಕೂರುವ ಬುದ್ಧಿ ಇರಲಿಲ್ಲ. ಸೈಕಲ್ಲು ಅವನದು, ಹೊಸ ಅಂಗಿ ಅವನದು, ಮೊದಲ ರೊಟ್ಟಿಯೂ ಅವನದೇ. ಆಟ ಮಾತ್ರ ನನ್ನದಾಯಿತು.

ಅಪ್ಪನ ಆಟಕ್ಕೆ ಅದರದೇ ಕಟ್ಟಳೆಗಳಿದ್ದವು. ಪ್ಯಾದೆ ಯಾವಾಗಲೂ ಒಂದೇ ಮನೆ ನಡೆಯಬೇಕು. ಕೊನೆಯ ಸಾಲು ಮುಟ್ಟಿದ ಪ್ಯಾದೆ ತಾನು ಸೇರಿದ ಮನೆ ಯಾರದೋ ಆ ಕಾಯಿಯೇ ಆಗಬೇಕು, ಆನೆಯ ಮನೆ ಮುಟ್ಟಿ ವಜೀರ ಆಗುತ್ತೇನೆ ಎನ್ನುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ರಾಜನ ನೆಗೆತ. ಎದುರಾಳಿ ಇನ್ನೂ ಒಮ್ಮೆಯೂ ಶಹ ಕೊಟ್ಟಿಲ್ಲವಾದರೆ, ಅಂದರೆ ರಾಜನ ಮೇಲೆ ನೇರವಾಗಿ ಗುರಿ ಇಟ್ಟಿಲ್ಲವಾದರೆ, ಇಡೀ ಆಟದಲ್ಲಿ ಒಂದೇ ಒಂದು ಸಲ ರಾಜ ಕುದುರೆಯ ಹಾಗೆ ನೆಗೆಯಬಹುದು. ಆ ನೆಗೆತವನ್ನು ಎಲ್ಲಿಯವರೆಗೆ ಕೈಯಲ್ಲಿ ಇಟ್ಟುಕೊಳ್ಳಬೇಕು, ಯಾವಾಗ ಖರ್ಚು ಮಾಡಬೇಕು ಎನ್ನುವುದೇ ನಮ್ಮ ಆಟದ ಜೀವ. ಅದರಲ್ಲಿ ನಾನು ಪಳಗಿಬಿಟ್ಟಿದ್ದೆ. ಲೋಕದಲ್ಲಿ ಎಲ್ಲರೂ ಹೀಗೇ ಆಡುತ್ತಾರೆ ಎಂದು ನಂಬಿದ್ದೆ.

ಎಂಟನೇ ತರಗತಿಯಲ್ಲಿ ಶಾಲೆಯವರು ನನ್ನನ್ನು ಪಂದ್ಯಕ್ಕೆಂದು ಬಳ್ಳಾರಿಗೆ ಕರೆದುಕೊಂಡು ಹೋದರು. ಎದುರಿಗೆ ಎರಡು ಜಡೆಯ ಹುಡುಗಿ. ಅವಳ ಪ್ಯಾದೆ ಮೊದಲ ಹೆಜ್ಜೆಗೇ ಎರಡು ಮನೆ ನಡೆದಾಗ ಅವಳಿಗೆ ಆಟ ಬಾರದು ಎಂದುಕೊಂಡೆ. ಆದರೂ ಗೆಲ್ಲುವ ಸ್ಥಿತಿಗೆ ಬಂದಿದ್ದೆ. ಅವಳ ಆನೆ ನನ್ನ ರಾಜನ ಹತ್ತಿರ ಬಂದಾಗ, ಇದಕ್ಕೇ ಕಾದಿದ್ದವಳಂತೆ ರಾಜನನ್ನು ಎತ್ತಿ ನೆಗೆಸಿದೆ. ಅವಳು ಕೈ ಎತ್ತಿದಳು. ಅಂಪೈರ್ ಬಂದು ರಾಜನನ್ನು ಹಿಂದಕ್ಕೆ ಇಟ್ಟು, ಇಂಥ ನಡೆ ಇಲ್ಲ, ಆದರೆ ಮುಟ್ಟಿದ ಕಾಯಿಯನ್ನೇ ನಡೆಸಬೇಕು ಎಂದರು. ರಾಜನಿಗೆ ಉಳಿದಿದ್ದ ಒಂದೇ ಮನೆಗೆ ಸರಿದೆ, ಮುಂದಿನ ನಡೆಗೆ ಸತ್ತೆ. ಸುತ್ತ ನಿಂತವರು ನಕ್ಕರು.

ಸಿರುಗುಪ್ಪದವರೆಗೂ ಬಸ್ಸಿನಲ್ಲಿ ಅತ್ತುಕೊಂಡೇ ಬಂದೆ. ಹೊರಗಿನ ಆಟ ಬೇರೆ ಇದೆ, ಇಬ್ಬರೂ ಅದನ್ನೇ ಕಲಿಯೋಣ ಎಂದು ಅಪ್ಪನ ಬೆನ್ನು ಬಿದ್ದೆ.

"ಅವ್ರದು ಆಟ ಅಲ್ಲವ್ವ," ಎಂದ ಅಪ್ಪ. "ಆಟ ಅಂದ್ರ ಇದ. ನಾ ಕಲಿಯಂಗಿಲ್ಲ."

ಹೊರಗಿನ ಆಟ ಕಲಿತರೆ ಅಪ್ಪನ ಜೊತೆ ಆಡುವ ಹಾಗಿಲ್ಲ, ಅಪ್ಪನ ಜೊತೆ ಆಡಿದರೆ ಹೊರಗೆ ಕೈ ತಪ್ಪುತ್ತದೆ. ನಾನು ಅಪ್ಪನನ್ನು ಆರಿಸಿಕೊಂಡೆ. ಮತ್ತೆ ಯಾವ ಪಂದ್ಯಕ್ಕೂ ಹೋಗಲಿಲ್ಲ. ಮದುವೆಯಾಗಿ ಬಳ್ಳಾರಿಯ ಸತ್ಯನಾರಾಯಣಪೇಟೆಗೆ ಬಂದ ಮೇಲೂ ಭಾನುವಾರ ಬಂತೆಂದರೆ ಸಿರುಗುಪ್ಪದ ಬಸ್ಸು ಹತ್ತುತ್ತಿದ್ದೆ, ಇಳಿದು ಸ್ಟ್ಯಾಂಡಿನ ಹತ್ತಿರ ಒಗ್ಗರಣೆ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಮನೆಗೆ ಹೋಗುತ್ತಿದ್ದೆ. ಅಪ್ಪ ಕಾಯಿ ಜೋಡಿಸಿಟ್ಟುಕೊಂಡು ಕಾಯುತ್ತಿದ್ದ. ಅವನು ಗೆದ್ದ ದಿನ ಅವನಿಗೆ ಖುಷಿ, ನಾನು ಗೆದ್ದ ದಿನ ಇಬ್ಬರಿಗೂ ಖುಷಿ.

ಎರಡು ವರ್ಷದ ಹಿಂದೆ ತಮ್ಮ ತಡವಾಗಿ ಮದುವೆಗೆ ಒಪ್ಪಿಕೊಂಡ. ಕುರುಗೋಡಿನಲ್ಲಿ, ಗುಡ್ಡದ ಬುಡದ ಒಂದು ಮನೆಗೆ ಹೆಣ್ಣು ನೋಡಲು ಹೋದೆವು. ಹುಡುಗಿ ಬಿಎಡ್ ಮಾಡಿಕೊಂಡಿದ್ದಳು, ಮಾತು ಮೆತ್ತಗೆ. ಬಿಡುವಿನಲ್ಲಿ ಏನು ಮಾಡುತ್ತೀಯ ಎಂದು ಕೇಳಿದವಳು ನಾನೇ. "ಮೊಬೈಲ್‌ನ್ಯಾಗ ಆಟ ಆಡ್ತೀನ್ರಿ," ಎಂದಳು. ಎಲ್ಲರೂ ನಕ್ಕೆವು. ಯಾವ ಆಟ ಎಂದು ಕೇಳುವ ಬುದ್ಧಿ ಒಬ್ಬರಿಗೂ ಬರಲಿಲ್ಲ. ಹುಡುಗಿ ಒಳ್ಳೆಯವಳು, ಮಾತು ಮುಗಿಸಿಬಿಡೋಣ ಎಂದು ಎಲ್ಲರಿಗಿಂತ ಮೊದಲು ಹೇಳಿದ್ದೂ ನಾನೇ.

ಮದುವೆಯಾಗಿ ನಾಲ್ಕು ತಿಂಗಳಿಗೆ, ಒಂದು ಭಾನುವಾರ ಮಿರ್ಚಿಯ ಪೊಟ್ಟಣ ಹಿಡಿದು ಪಡಸಾಲೆಗೆ ಕಾಲಿಟ್ಟರೆ ನನ್ನ ಜಾಗದಲ್ಲಿ ಅವಳು ಕೂತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು. "ಕುಂದ್ರವ್ವ, ಆಟ ನಡದೈತಿ," ಎಂದ ಅಪ್ಪ. ಅವಳು ಕೂತಳು. ಎಂದೂ ಕೂರದ ಬದಿಯಲ್ಲಿ ನಾನು ಕೂತು ನೋಡಿದೆ. ಅಪ್ಪ ಎಡಗೈಯಲ್ಲಿ ಕನ್ನಡಕ ಸರಿಮಾಡಿಕೊಂಡು, ಬಲಗೈಯಲ್ಲಿ ರಾಜನನ್ನು ಎರಡು ಮನೆ ಪಕ್ಕಕ್ಕೆ ಸರಿಸಿ, ಆನೆಯನ್ನು ಎತ್ತಿ ಅವನ ಈಚೆಗೆ ಇಟ್ಟ. ಹೊರಗಿನ ಆಟದಲ್ಲಿ ರಾಜನಿಗೆ ಕೋಟೆ ಕಟ್ಟುವುದೆಂದರೆ ಇದೇ. ಮೂವತ್ತು ವರ್ಷದ ಹಿಂದೆ ಕಲಿಯಂಗಿಲ್ಲ ಎಂದಿದ್ದ ಮನುಷ್ಯ ತಡವರಿಸದೆ ಮಾಡಿದ.

"ಮಾವಾರು ಹದಿನೈದು ದಿನದಾಗ ಕಲ್ತಾರಕ್ಕಾ," ಎಂದಳು ಅವಳು ಹೆಮ್ಮೆಯಿಂದ.

ಮೈಯೆಲ್ಲ ಉರಿದುಹೋಯಿತು. ಅಪ್ಪ ಬೇರೆ ಯಾರ ಜೊತೆಗಾದರೂ ಆಡಿದ್ದರೆ ನುಂಗಿಕೊಳ್ಳುತ್ತಿದ್ದೆನೋ ಏನೋ. ಮಗಳು ಅತ್ತರೂ ಕಲಿಯದ್ದನ್ನು ನಾಲ್ಕು ತಿಂಗಳ ಸೊಸೆಗೋಸ್ಕರ ಕಲಿತನಲ್ಲ, ಅದು ಗಂಟಲಲ್ಲಿ ಇಳಿಯಲಿಲ್ಲ. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿ ನಕ್ಕಳು. "ನಿನಗ ಸವತಿ ಬಂದಂಗ ಆತು," ಎಂದಳು. ತಮಾಷೆಗೆ ಅಂದದ್ದು. ಅವತ್ತು ಮಿರ್ಚಿಯನ್ನು ಅಪ್ಪನ ತಟ್ಟೆಗೆ, ಅವ್ವನ ತಟ್ಟೆಗೆ ಹಾಕಿ ಉಳಿದದ್ದನ್ನು ಕಟ್ಟಿಕೊಂಡು ಬಸ್ಸು ಹತ್ತಿದೆ. ನಲವತ್ತೇಳು ವರ್ಷದ ಸರಕಾರಿ ನೌಕರಿಯವಳು ಮಾಡಿದ ಕೆಲಸ ಇದು.

ಆಮೇಲೆ ಏನೇನು ಮಾಡಿದೆ ಎಂದು ಹೇಳಿದರೆ ಒಂದು ದಿನ ಸಾಲದು. ಅವಳ ಸಾರಿಗೆ ಉಪ್ಪು ಜಾಸ್ತಿ ಎಂದೆ. ಮೊಬೈಲ್ ನೋಡಿ ಕಲಿತದ್ದೆಲ್ಲ ಆಟವಲ್ಲ ಎಂದು ಗೋಡೆಗೆ ಹೇಳುವವಳ ಹಾಗೆ ಅವಳಿಗೆ ಕೇಳುವಂತೆ ಹೇಳಿದೆ. ಕೊನೆಗೆ ನಮ್ಮ ಆಟದಲ್ಲಿ ನನ್ನೆದುರು ಕೂರು ನೋಡೋಣ ಎಂದೆ. ಕೂತಳು. ನಾನು ರಾಜನನ್ನು ನೆಗೆಸಿದಾಗ ಕಣ್ಣರಳಿಸಿ ನೋಡಿದಳು, ಸೋತಳು, ಸೋತು ಇನ್ನೊಮ್ಮೆ ಆಡೋಣ ಎಂದಳು. "ಭಾಳ ಚಂದ ಐತಕ್ಕಾ ಈ ನೆಗೆತ. ನನಗೂ ಕಲಸ್ರಿ." ಅವಳಿಗೂ ಒಂದಿಷ್ಟು ಹೊಟ್ಟೆಕಿಚ್ಚು ಇದ್ದಿದ್ದರೆ ನಮ್ಮಿಬ್ಬರ ಜಗಳ ಸರಾಗವಾಗಿ ನಡೆಯುತ್ತಿತ್ತು. ಇರಲಿಲ್ಲ. ಅದಕ್ಕೂ ನನಗೆ ಸಿಟ್ಟು.

ಕಳೆದ ವರ್ಷ ಬಳ್ಳಾರಿಯಲ್ಲಿ, ನಮ್ಮ ಮನೆಯಿಂದ ಎರಡು ಬೀದಿ ಆಚೆಯ ಕಲ್ಯಾಣ ಮಂಟಪದಲ್ಲಿ, ಒಂದು ಚೆಸ್ ಪಂದ್ಯ ಇಟ್ಟುಕೊಂಡರು. ಯಾರು ಬೇಕಾದರೂ ಆಡಬಹುದು, ಒಂದು ಭಾನುವಾರ ನಾಲ್ಕು ಸುತ್ತು, ಮುಂದಿನ ಭಾನುವಾರ ನಾಲ್ಕು ಸುತ್ತು. ಅವಳಿಗೆ ಆಡುವ ಆಸೆ. ಮೊಬೈಲಿನಲ್ಲಿ ಎಷ್ಟು ಗೆದ್ದರೂ ಎದುರಿಗೆ ಮನುಷ್ಯರನ್ನು ಕೂರಿಸಿಕೊಂಡು ಪಂದ್ಯ ಆಡಿದ್ದೇ ಇಲ್ಲ ಎಂದಳು. ನಿಮ್ಮ ಮನೆಯಲ್ಲಿ ಇಟ್ಟುಕೊಂಡು ಆಡಿಸಿಕೊಂಡು ಬಾ ಎಂದು ಅಪ್ಪ ನನಗೆ ಹೇಳಿದ. ಆಗಲಿ ಎಂದೆ. ಪಂದ್ಯಕ್ಕೆ ಇನ್ನೂ ಒಂದು ತಿಂಗಳಿತ್ತು.

ಆ ತಿಂಗಳಿನಲ್ಲಿ ನಾನು ಮಾಡಿದ್ದನ್ನು ಇವತ್ತಿಗೂ ಗಂಡನಿಗೆ ಹೇಳಿಲ್ಲ. ಮೂರು ಭಾನುವಾರ ಅವಳನ್ನು ಎದುರಿಗೆ ಕೂರಿಸಿಕೊಂಡು ನಮ್ಮ ಆಟವನ್ನೇ ಆಡಿಸಿದೆ. ಬೆಳಿಗ್ಗೆ ಎರಡು, ಊಟವಾದ ಮೇಲೆ ಮೂರು. ರಾಜನ ನೆಗೆತವನ್ನು ಬಿಡಿಸಿ ಬಿಡಿಸಿ ಕಲಿಸಿದೆ. ರಾಜನಿಗೆ ಅಪಾಯ ಬಂದ ಕೂಡಲೇ ಅವಳ ಕೈ ತಾನಾಗಿ ಆ ಕಡೆ ಹೋಗುವಷ್ಟು ಕಲಿಸಿದೆ. ಅಭ್ಯಾಸ ಆಗಲಿ ಎಂದು ಆಡಿಸುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಏನು ಮಾಡುತ್ತಿದ್ದೇನೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ನಾಲ್ಕನೇ ಭಾನುವಾರ ಅವಳು ಕುರುಗೋಡಿಗೆ ಹೋಗಿದ್ದಳು, ತಾಯಿಯನ್ನು ನೋಡಿಕೊಂಡು ಅಲ್ಲಿಂದಲೇ ಬಳ್ಳಾರಿಗೆ ಬರುವವಳಿದ್ದಳು. ಅಪ್ಪ, ನಾನು ಇಬ್ಬರೇ. ಬಹಳ ದಿನದ ಮೇಲೆ ನನ್ನ ಜಾಗದಲ್ಲಿ ಕೂತಿದ್ದೆ. ಅಪ್ಪ ಕಾಯಿ ಜೋಡಿಸಲಿಲ್ಲ.

"ಆಕಿ ಕೂಡ ನಮ್ಮಾಟ ಆಡಬಾರದಿತ್ತು ನೀನು," ಎಂದ.

"ಯಾಕ?"

"ಯಾಕ ಅಂತ ನಿನಗ ಗೊತ್ತೈತಿ."

ಸಿಕ್ಕಿಬಿದ್ದವರು ತಲೆ ತಗ್ಗಿಸುತ್ತಾರೆ. ನಾನು ತಿರುಗಿಬಿದ್ದೆ. "ನಾ ಅತ್ತುಕೋತ ಕೇಳಿದೆ, ಕಲಿಯಂಗಿಲ್ಲ ಅಂದಿ. ಆಕಿ ಬಂದು ನಾಕು ತಿಂಗಳಾಗೋದ್ರಾಗ ಕಲಿತಿ. ನಾ ಏನು ಪಾಪ ಮಾಡಿದ್ದೆ?" ಎಂದು ಕೇಳಿದೆ. ಮೂವತ್ತು ವರ್ಷ ಕೇಳಬೇಕೆಂದೇ ಅನ್ನಿಸದ ಮಾತು ಅವತ್ತು ಬಾಯಿಗೆ ಬಂತು.

ಅಪ್ಪ ಹಲಗೆಯ ಮೇಲಿನ ಧೂಳು ಒರೆಸಿದ. ಆಮೇಲೆ, "ನಿಮ್ಮ ಸಾಲಿ ಮಾಸ್ತರು ಗಿರಣಿಗೆ ಬಂದಿದ್ರು," ಎಂದ. "ನೀ ಸೋತು ಬಂದ ಮ್ಯಾಲ. ಹುಡುಗಿ ಕೈ ಭಾಳ ಚಂದ ಐತಿ, ಹೊರಗಿನ ಆಟ ನಾ ಕಲಸ್ತೀನಿ, ದಿನಾ ಸಂಜೀಕ ನನ್ನ ಹತ್ರ ಕಳಸ್ರಿ, ದೊಡ್ಡ ಆಟಗಾರ್ತಿ ಆಗ್ತಾಳ ಅಂದ್ರು. ನನಗ ಹೊಟ್ಟಿಕಿಚ್ಚು ಬಂತು. ನಾ ಕಲಿಸಿದ ಹುಡುಗಿ ಅವರ ಎದುರು ಹೋಗಿ ಕುಂದರ್ತಾಳಲ್ಲ ಅಂತ. ಬ್ಯಾಡ ಅಂದುಬಿಟ್ಟೆ. ನಿನಗ ಹೇಳಲಿಲ್ಲ."

"ಮತ್ತ ಸೊಸಿ ಕೂಡ ಹೆಂಗ ಕಲಿತಿ?" ಎಂದೆ.

"ಈಕಿ ಎಲ್ಲಿ ಹೋಗಿ ಯಾರ ಎದುರು ಕುಂತ್ರೂ ನನಗೇನೂ ಅನಸಂಗಿಲ್ಲ. ಅದಕ್ಕ ಕಲಿತೆ," ಎಂದ.

ಆಗ ನನಗೆ ಏನೆನಿಸಿತು ಎಂದು ನಿಜ ಹೇಳಬೇಕು. ನನ್ನ ದಾರಿಗೆ ಅಡ್ಡ ನಿಂತವನು ಅಪ್ಪನೇ ಎಂದು ಗೊತ್ತಾದಾಗ ಮೊದಲು ಬರಬೇಕಾದದ್ದು ಸಿಟ್ಟು. ಬಂದದ್ದು ಸಂತೋಷ. ಅವಳಿಗಾಗಿ ಅವನ ಹೊಟ್ಟೆ ಉರಿದಿಲ್ಲ, ನನಗಾಗಿ ಉರಿದಿತ್ತು. ಗೆದ್ದವಳು ನಾನು. ಸಿಟ್ಟು ಆಮೇಲೆ, ಬಳ್ಳಾರಿಯ ಬಸ್ಸಿನಲ್ಲಿ, ತೆಕ್ಕಲಕೋಟೆ ದಾಟಿದ ಮೇಲೆ ಬಂತು. ಬಂದದ್ದು ಇಳಿಯಲಿಲ್ಲ. ಆ ಮಾಸ್ತರರ ಮುಖ ನೆನಪಿಸಿಕೊಳ್ಳಲು ನೋಡಿದೆ, ಸರಿಯಾಗಿ ನೆನಪಾಗಲಿಲ್ಲ.

ಪಂದ್ಯದ ದಿನ ಬೆಳಿಗ್ಗೆ ಅವಳಿಗೆ ದೋಸೆ ಹಾಕಿಕೊಡುತ್ತ, ಅಲ್ಲಿ ರಾಜನನ್ನು ನೆಗೆಸಬೇಡ, ನೆನಪಿರಲಿ ಎಂದೆ. "ಗೊತ್ತೈತಕ್ಕಾ," ಎಂದು ನಕ್ಕಳು. ಮೊದಲ ಎರಡು ಸುತ್ತು ಗೆದ್ದಳು. ಮೂರನೆಯದಕ್ಕೆ ಎದುರಿಗೆ ತಲೆ ನರೆತ ಒಬ್ಬ ಹಿರಿಯರು ಕೂತರು. ನೋಡುವವರಿಗೆ ಹಾಕಿದ್ದ ಕುರ್ಚಿಯಲ್ಲಿ ನಾನಿದ್ದೆ. ಅವಳದೇ ಮೇಲುಗೈ ಇತ್ತು. ಹಿರಿಯರ ಆನೆ ಅವಳ ರಾಜನ ಸಾಲಿಗೆ ಹತ್ತಿರ ಬಂತು. ಗಡಿಯಾರದಲ್ಲಿ ಅವಳಿಗೆ ಸಮಯ ಕಡಿಮೆ ಉಳಿದಿತ್ತು. ಅವಳ ಕೈ ಮೇಲೆದ್ದಾಗಲೇ ಎಲ್ಲಿಗೆ ಹೋಗುತ್ತದೆ ಎಂದು ನನಗೆ ತಿಳಿಯಿತು. ಬೇಡ ಎಂದು ಕೂಗುವಂತಿರಲಿಲ್ಲ. ರಾಜ ನೆಗೆದು ಕೂತ, ಅವಳು ಗಡಿಯಾರ ಒತ್ತಿದಳು. ಹಿರಿಯರು ಕೈ ಎತ್ತಿದರು.

ಯಾರೂ ನಗಲಿಲ್ಲ. ತೀರ್ಪುಗಾರರು ಬಂದು ಮೆಲ್ಲಗೆ ಏನೋ ಹೇಳಿ ರಾಜನನ್ನು ಅವನ ಮನೆಗೆ ವಾಪಸು ಇಟ್ಟರು, ಅವಳು ಅದೇ ರಾಜನನ್ನು ಇನ್ನೊಂದು ಮನೆಗೆ ಸರಿಸಬೇಕಾಯಿತು. ಐದಾರು ನಡೆಗಳಲ್ಲಿ ಆಟ ಮುಗಿಯಿತು. ಅವಳು ಹೊರಗೆ ಬಂದು ಚಪ್ಪಲಿ ಬಿಟ್ಟ ಕಟ್ಟೆಯ ಮೇಲೆ ಕೂತಳು. "ಕೈ ತಾನ ಹೋತಕ್ಕಾ. ನನಗ ಗೊತ್ತಾಗೋದ್ರಾಗ ಹೋಗಿಬಿಟ್ಟಿತ್ತು," ಎಂದಳು. ತನ್ನ ತಪ್ಪು ಎಂದೇ ತಿಳಿದಿದ್ದಳು. ಅದನ್ನು ಹಾಗೇ ಬಿಟ್ಟಿದ್ದರೆ ಮುಗಿದೇ ಹೋಗುತ್ತಿತ್ತು.

"ನಾ ಬೇಕಂತನ ಆಡಿಸಿದ್ದೆ," ಎಂದೆ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ನಾನು ಮೂರು ಭಾನುವಾರದ್ದನ್ನೂ ಬಿಡಿಸಿ ಹೇಳಿದೆ. ಅವಳು ನಮ್ಮ ಮನೆಗೆ ಬಂದ ಮೇಲೆ ಮೊದಲ ಸಲ ಅವಳ ಮುಖದಲ್ಲಿ ಸಿಟ್ಟು ಕಂಡೆ. ಎದ್ದು ಒಳಗೆ ಹೋಗಿ ನಾಲ್ಕನೇ ಸುತ್ತು ಆಡಿದಳು, ಬಿರುಸಾಗಿ ಆಡಿ ಗೆದ್ದಳು. ಮನೆಗೆ ಬಂದೆವು. ಚಹಾ ಮಾಡಿ ಮುಂದೆ ಇಟ್ಟೆ, ಕುಡಿಯಲಿಲ್ಲ. ಆಮೇಲೆ ತನ್ನ ಚೀಲದಿಂದ ಮಡಚುವ ಹಲಗೆ ತೆಗೆದು ನನ್ನ ಮುಂದೆ ಹಾಸಿದಳು.

"ಬರೋ ಆದಿವಾರದ ತನಕ ದಿನಾ ನನ್ನ ಕೂಡ ಹೊರಗಿನ ಆಟ ಆಡಬೇಕು ನೀವು," ಎಂದಳು. "ನನ್ನ ಕೈ ಸರಿ ಆಗೋ ತನಕ. ನಿಮಗ ಬರಂಗಿಲ್ಲ ಅಂದ್ರ ಕಲೀರಿ."

ಆ ವಾರ ಆಫೀಸಿನಿಂದ ಬಂದ ಕೂಡಲೇ ಅವಳ ಎದುರು ಕೂತೆ. ಎಷ್ಟು ಸಲ ಸೋತೆನೋ. ಇಪ್ಪತ್ತಾರು ವರ್ಷದ ಹುಡುಗಿ ನನ್ನ ತಪ್ಪು ಎತ್ತಿ ತೋರಿಸುವಾಗ ಒಳಗೊಳಗೆ ಕುದಿಯುತ್ತಿದ್ದೆ, ಇವಳಿಗೆ ಇದನ್ನು ಯಾರೂ ತಡೆಯಲಿಲ್ಲವಲ್ಲ ಎಂದು. ಈಗಿನ ಹೊಟ್ಟೆಕಿಚ್ಚು ಅಪ್ಪನ ಸಲುವಾಗಿ ಅಲ್ಲ, ಆಟದ ಸಲುವಾಗಿ. ಅದರ ನಡುವೆಯೇ, ಹೊರಗಿನ ಆಟ ಆಟವಲ್ಲ ಎಂದು ಅಪ್ಪ ಹೇಳಿದ್ದು ಸುಳ್ಳು ಎಂದು ತಿಳಿಯಿತು. ಅದು ಬಹಳ ಚೆಂದದ ಆಟ.

ಶುಕ್ರವಾರ ಸಂಜೆ ಅಪ್ಪ ಫೋನ್ ಮಾಡಿದ. "ಆದಿವಾರ ಬರ್ತೀ ಹೌದಿಲ್ಲೋ?" ಎಂದು ಕೇಳಿದ.

"ಆಗಂಗಿಲ್ಲಪ್ಪ. ಈಕಿದು ಇನ್ನೂ ನಾಕು ಸುತ್ತು ಅದಾವು. ನಾನೂ ಹೊರಗಿನ ಆಟ ಕಲಿಯಾಕತ್ತೀನಿ."

"ಯಾರ ಹತ್ರ?"

"ಈಕಿ ಹತ್ರಾನ."

ಫೋನಿನಲ್ಲಿ ಹಿಂದೆ ಅವ್ವ ಪಾತ್ರೆ ಇಡುವುದು ಕೇಳಿಸುತ್ತಿತ್ತು. "ಅದನ್ನ ಕಲಿತ ಮ್ಯಾಲ ನನ್ನ ಕೂಡ ಆಡಾಕ ನಿನಗ ಬ್ಯಾಸರ ಆಗ್ತೈತಿ," ಎಂದ.

ಇಲ್ಲಪ್ಪ ಎಂದು ಹೇಳಬಹುದಿತ್ತು. ಹೇಳಲಿಲ್ಲ. "ನೋಡೂಣು," ಎಂದೆ.

"ಆಕೀಗೆ ಕೊಡು ಫೋನು," ಎಂದ ಅಪ್ಪ.

ಕೊಟ್ಟೆ. ಅವಳು ಕೇಳಿಸಿಕೊಂಡು ಹೂಂ, ಹೂಂ ಎನ್ನುತ್ತ ನನ್ನತ್ತ ನೋಡಿದಳು. ಆ ವಾರದಲ್ಲಿ ಮೊದಲ ಸಲ ಅವಳಿಗೆ ನಗು ಬಂತು. ಫೋನಿಗೆ ಕೈ ಅಡ್ಡ ಹಿಡಿದು, "ಮಾವಾರು ಏನಂತಾರ ಗೊತ್ತೇನಕ್ಕಾ? ಆಕೀಗೆ ಪೂರ್ತಿ ಕಲಸಬ್ಯಾಡ ಅಂತಾರ," ಎಂದಳು.

"ಪೂರ್ತಿ ಕಲಸು," ಎಂದೆ.